ಒಂದು ಹಲ್ಲು ತಪ್ಪಿದರೆ

ನಮ್ಮಲ್ಲಿ ಕಾರು ಒಬ್ಬರ ಕೈಯಲ್ಲೇ ಮುದಿಯಾಗುವುದು ಅಪರೂಪ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಳಲಲ್ಲಿ ಐದಾರು ವರ್ಷ ನಿಂತ ಡೀಸೆಲ್ ಸ್ವಿಫ್ಟ್ ತುಮಕೂರಿನ ಅಂಗಡಿಯವರ ಮನೆ ಸೇರುತ್ತದೆ. ಅಲ್ಲಿಂದ ದಾವಣಗೆರೆ, ಆಮೇಲೆ ಹಾವೇರಿ ಕಡೆಯ ಯಾವುದೋ ಹಳ್ಳಿ. ಅಲ್ಲಿ ಅದು ಆಸ್ಪತ್ರೆಗೂ ಹೋಗುತ್ತದೆ, ಸಂತೆಗೂ ಹೋಗುತ್ತದೆ, ಮದುವೆ ದಿಬ್ಬಣಕ್ಕೂ ಹೋಗುತ್ತದೆ. ಓಡೋಮೀಟರ್ ಎರಡು ಲಕ್ಷ ಕಿಲೋಮೀಟರ್ ದಾಟಿರುತ್ತದೆ, ಸರ್ವಿಸ್ ಪುಸ್ತಕ ಎರಡನೇ ಮಾಲೀಕರ ಕಾಲದಲ್ಲೇ ಕಳೆದಿರುತ್ತದೆ. ಆ ಕಾರು ಶೋರೂಮಿನಿಂದ ಹೊರಬಿದ್ದ ದಿನ ಮೊದಲ ಮಾಲೀಕರಿಗೆ ಹೇಳಿದ ಒಂದು ಮಾತು ಮಾತ್ರ ಕೈಯಿಂದ ಕೈಗೆ ದಾಟಿಕೊಂಡು ಹಳ್ಳಿಯವರೆಗೂ ಬಂದಿರುತ್ತದೆ: ‘ಇದರಲ್ಲಿರೋದು ಬೆಲ್ಟ್ ಅಲ್ಲ, ಚೈನ್. ಕಾರು ಇರೋ ತನಕ ಮುಟ್ಟಬೇಕಾಗಿಲ್ಲ.’

ಈ ಮಾತನ್ನು ನಂಬಿ ಎಂಜಿನ್ ಕಳೆದುಕೊಂಡವರನ್ನು ನಾನು ಗ್ಯಾರೇಜುಗಳಲ್ಲಿ ನೋಡುತ್ತಲೇ ಇದ್ದೇನೆ. ಅವರಲ್ಲಿ ಹೆಚ್ಚಿನವರು ಮೊದಲ ಮಾಲೀಕರಲ್ಲ. ಸಾಲ ಮಾಡಿ ಹಳೆ ಕಾರು ಕೊಂಡು ಬಾಡಿಗೆಗೆ ಓಡಿಸುವವರು, ತಂದೆತಾಯಿಯನ್ನು ಕೂರಿಸಿಕೊಂಡು ಓಡಾಡಲಿ ಎಂದು ಕೂಡಿಟ್ಟ ಹಣ ಸುರಿದವರು. ಟೈಮಿಂಗ್ ಚೈನ್ ಬಹಳ ವರ್ಷ ಬಾಳುತ್ತದೆ, ನಿಜ. ಆದರೆ ಅದು ಬಾಳುವುದು ಎಣ್ಣೆಯ ಋಣದಲ್ಲಿ. ಸವೆಯತೊಡಗಿದ ಮೇಲೆ ಅದು ಸುಮ್ಮನಿರುವುದೂ ಇಲ್ಲ, ತಿಂಗಳುಗಟ್ಟಲೆ ಮೊದಲೇ ಸೂಚನೆ ಕೊಡುತ್ತದೆ. ಈ ಎರಡು ಸಂಗತಿ ಹಳೆ ಕಾರಿನ ಪ್ರತಿಯೊಬ್ಬ ಮಾಲೀಕರಿಗೂ ತಿಳಿದಿರಬೇಕು ಎಂಬ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ತೆಗೆದುಕೊಳ್ಳಲು ನಮ್ಮ ಕಣ್ಣೆದುರೇ ಒಂದು ಎಂಜಿನ್ ಇದೆ: ಫಿಯಟ್ ಕಂಪನಿಯ 1.3 ಮಲ್ಟಿಜೆಟ್ ಡೀಸೆಲ್. 1248 ಸಿಸಿ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್. 2003ರಲ್ಲಿ ಯುರೋಪಿನಲ್ಲಿ ಹೊರಬಂದ ಇದು ಪೋಲೆಂಡಿನ ಬಿಯೆಲ್ಸ್ಕೊ-ಬಿಯಾವಾ ಪಟ್ಟಣದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 2005ರಲ್ಲಿ ತನ್ನ ವರ್ಗದಲ್ಲಿ ವರ್ಷದ ಅಂತರರಾಷ್ಟ್ರೀಯ ಎಂಜಿನ್ ಎಂಬ ಪ್ರಶಸ್ತಿಯನ್ನೂ ಪಡೆಯಿತು. 2007ರಲ್ಲಿ ಮಾರುತಿ ಸ್ವಿಫ್ಟ್ ಡೀಸೆಲ್ ಆಗಿ ನಮ್ಮ ರಸ್ತೆಗಿಳಿದದ್ದೇ ತಡ, ದೇಶವೆಲ್ಲ ಹಬ್ಬಿತು. ಮಾರುತಿಯವರು ಡಿಡಿಐಎಸ್ ಎಂದರು, ಟಾಟಾದವರು ಕ್ವಾಡ್ರಾಜೆಟ್ ಎಂದರು. ಡಿಸೈರ್, ರಿಟ್ಜ್, ಎರ್ಟಿಗಾ, ಬ್ರೆಝಾ, ವಿಸ್ಟಾ, ಮಾಂಜಾ, ಪುಂಟೊ, ಲೀನಿಯಾ – ಬಾನೆಟ್ ಎತ್ತಿದರೆ ಒಳಗೆ ಇದೇ ಎಂಜಿನ್. ಹರಿಯಾಣದ ಮಾನೇಸರದಲ್ಲೂ ಪುಣೆ ಬಳಿಯ ರಂಜನಗಾಂವ್‌ನಲ್ಲೂ ತಯಾರಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್‌6 ನಿಯಮ ಬಂದಾಗ ಮಾರುತಿ ಡೀಸೆಲ್‌ಗೆ ವಿದಾಯ ಹೇಳಿತು. ಹೊಸದು ಬರುವುದು ನಿಂತಿದೆ, ಇರುವವು ಮಾತ್ರ ಇನ್ನೂ ಓಡುತ್ತಿವೆ. ಹೀಗಾಗಿ ಇವತ್ತು ನಮ್ಮ ಗ್ಯಾರೇಜುಗಳಲ್ಲಿ ಚೈನಿನ ಮಾತು ಬಂದರೆ ಹೆಚ್ಚಾಗಿ ಈ ಎಂಜಿನ್ನಿನ ಮಾತೇ.

ಎಂಜಿನ್ನಿನ ಒಳಗೆ ಚೈನ್ ಮಾಡುವ ಕೆಲಸ ಹೇಳಲು ಸುಲಭ. ಕೆಳಗೆ ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕ್ ಶಾಫ್ಟ್, ಮೇಲೆ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್. ಕ್ರ್ಯಾಂಕ್ ಎರಡು ಸುತ್ತು ಹಾಕುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ಹಾಕಬೇಕು. ಅದಕ್ಕೇ ಮೇಲಿನ ಸ್ಪ್ರಾಕೆಟ್ಟಿಗೆ ಕೆಳಗಿನದರ ಎರಡರಷ್ಟು ಹಲ್ಲು. ಈ ಲೆಕ್ಕ ತಪ್ಪಿದರೆ, ಮದುವೆಮನೆಯಲ್ಲಿ ಎಲೆ ಹಾಕುವ ಮೊದಲೇ ಸಾರು ಬಡಿಸುವವನು ಬಂದು ನಿಂತ ಹಾಗಾಗುತ್ತದೆ: ಗಾಳಿ ಬರಬೇಕಾದ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ, ಮುಚ್ಚಿರಬೇಕಾದಾಗ ತೆರೆದಿರುತ್ತದೆ. ಕೆಳಗಿನ ಸ್ಪ್ರಾಕೆಟ್ಟಿಗೆ 20 ಹಲ್ಲು ಇದೆ ಎಂದಿಟ್ಟುಕೊಳ್ಳಿ. ಚೈನ್ ಒಂದೇ ಒಂದು ಹಲ್ಲು ಜಾರಿದರೂ ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ ವ್ಯತ್ಯಾಸ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ತುದಿ ಮುಟ್ಟಿದಾಗ ಅದಕ್ಕೂ ವಾಲ್ವಿಗೂ ನಡುವೆ ಇರುವ ಜಾಗ ಬಹಳ ಕಡಿಮೆ. ಎರಡು ಮೂರು ಹಲ್ಲು ಜಾರಿತೆಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ.

ಚೈನ್ ಎಷ್ಟು ದುಡಿಯುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಅದೇ 20 ಹಲ್ಲಿನ ಸ್ಪ್ರಾಕೆಟ್, 100 ಕೊಂಡಿಯ ಚೈನ್, ಎಂಜಿನ್ ನಿಮಿಷಕ್ಕೆ 2000 ಸುತ್ತು. ಅಂದರೆ ಚೈನ್ ನಿಮಿಷಕ್ಕೆ 400 ಸಲ ಪೂರ್ತಿ ಸುತ್ತು ಬರುತ್ತದೆ, ಗಂಟೆಗೆ 24,000 ಸಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದು ತಲುಪುವಷ್ಟರಲ್ಲಿ ಲಕ್ಷ ಸುತ್ತು ಮೀರಿರುತ್ತದೆ. ಪ್ರತಿ ಸುತ್ತಿನಲ್ಲೂ ಪ್ರತಿ ಕೊಂಡಿ ಹಲ್ಲಿನ ಮೇಲೆ ಮಡಚಿಕೊಳ್ಳಬೇಕು, ಮತ್ತೆ ನೆಟ್ಟಗಾಗಬೇಕು. ಹೀಗೆ ಮಡಚುವಾಗ ಕೊಂಡಿಯ ಪಿನ್ನೂ ಅದರ ಸುತ್ತಲಿನ ಬುಷ್ಷೂ ಒಂದಕ್ಕೊಂದು ಉಜ್ಜುತ್ತವೆ. ನಡುವೆ ಇರುವುದು ಎಣ್ಣೆಯ ತೆಳುಪದರ ಮಾತ್ರ.

‘ಚೈನ್ ಎಳೆದುಕೊಂಡಿದೆ’ ಎಂದು ಮೆಕ್ಯಾನಿಕ್‌ಗಳು ಹೇಳುವುದುಂಟು. ಉಕ್ಕಿನ ತಗಡು ರಬ್ಬರಿನ ಹಾಗೆ ಹಿಗ್ಗುವುದಿಲ್ಲ. ಸವೆಯುವುದು ಪಿನ್ನು ಮತ್ತು ಬುಷ್ಷು. ಒಂದೊಂದು ಕೀಲಿನಲ್ಲಿ ಬರೀ 0.02 ಮಿಲಿಮೀಟರ್ ಸವೆದರೂ ನೂರು ಕೊಂಡಿಗೆ ಸೇರಿ 2 ಮಿಲಿಮೀಟರ್ ಉದ್ದ ಹೆಚ್ಚುತ್ತದೆ. ಆ ಹೆಚ್ಚುವರಿ ಉದ್ದವನ್ನು ಟೆನ್ಷನರ್ ನುಂಗಿಕೊಳ್ಳಬೇಕು. ಅದರೊಳಗಿನ ಪಿಸ್ಟನ್ ಎಣ್ಣೆಯ ಒತ್ತಡದಿಂದ ಹೊರಬಂದು ಗೈಡ್ ಎಂಬ ಪಟ್ಟಿಯನ್ನು ಚೈನಿಗೆ ಒತ್ತಿ ಹಿಡಿಯುತ್ತದೆ. ಹೊರಬರುವುದಕ್ಕೂ ಒಂದು ಮಿತಿ ಇದೆ. ಮಿತಿ ಮುಗಿದ ಮೇಲೆ ಚೈನ್ ಸಡಿಲವಾಗಿಯೇ ಓಡುತ್ತದೆ, ಕವರಿಗೆ ಬಡಿಯುತ್ತದೆ, ಕಡೆಗೊಂದು ದಿನ ಹಲ್ಲು ಹಾರುತ್ತದೆ.

ಹಾಗಾದರೆ ಹಳೇ ಕಾಲದ ಗಾಡಿಗಳ ಚೈನ್ ಹೇಗೆ ಅಷ್ಟು ಬಾಳುತ್ತಿತ್ತು ಎಂದು ಹಿರಿಯ ಮೆಕ್ಯಾನಿಕ್‌ಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇವತ್ತಿನ ರೋಲರ್ ಚೈನಿನ ಮೂಲಪುರುಷ ಹ್ಯಾನ್ಸ್ ರೆನಾಲ್ಡ್, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದವರು; 1880ರಲ್ಲಿ ಅವರು ರೂಪಿಸಿದ ಪಿನ್ನು-ಬುಷ್ಷು-ರೋಲರಿನ ವಿನ್ಯಾಸವೇ ಸೈಕಲ್ಲಿಗೂ ಬಂತು, ಎಂಜಿನ್ನಿಗೂ ಬಂತು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎರಡಕ್ಕೂ ಚೈನೇ. ಆದರೆ ಆ ಎಂಜಿನ್ನುಗಳಲ್ಲಿ ಕ್ಯಾಮ್ ಶಾಫ್ಟ್ ಕೆಳಗೆ, ಬ್ಲಾಕಿನ ಒಳಗೇ ಇರುತ್ತಿತ್ತು. ಕ್ರ್ಯಾಂಕಿಗೂ ಕ್ಯಾಮಿಗೂ ನಡುವೆ ಒಂದು ಗೇಣಿನಷ್ಟೂ ದೂರವಿಲ್ಲ. ಚಿಕ್ಕ ಚೈನ್, ನಿಧಾನದ ಎಂಜಿನ್. ಕ್ಯಾಮ್ ಶಾಫ್ಟ್ ಹೆಡ್ಡಿನ ಮೇಲಕ್ಕೆ ಏರಿದ ಮೇಲೆ ಚೈನ್ ಉದ್ದವಾಯಿತು, ಸದ್ದೂ ಜಾಸ್ತಿಯಾಯಿತು. ಜರ್ಮನಿಯ ಗ್ಲಾಸ್ ಕಂಪನಿ ಅರವತ್ತರ ದಶಕದ ಆರಂಭದಲ್ಲಿ ತನ್ನ 1004 ಕಾರಿಗೆ ಹಲ್ಲಿನ ರಬ್ಬರ್ ಬೆಲ್ಟ್ ಹಾಕಿ ಹೊಸ ದಾರಿ ತೋರಿಸಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಬೆಲ್ಟಿನ ಗಾಡಿಯೇ. ಬೆಲ್ಟಿಗೆ ಇಷ್ಟು ಕಿಲೋಮೀಟರ್ ಎಂಬ ಗಡುವು ಇತ್ತು. ಆ ಖರ್ಚು ಬೇಡವೆಂದು ಚೈನ್ ಮತ್ತೆ ಬಂತು. ಈ ಸಲ ಬಂದದ್ದು ತೆಳ್ಳಗಿನದು, ತೂಕ ಇಳಿಸಿದ್ದು. 1.3 ಡೀಸೆಲ್ಲಿನಲ್ಲಂತೂ ಅದು ವಾಲ್ವ್‌ಗಳ ಜೊತೆಗೆ, ಕ್ಯಾಮಿನ ತುದಿಯಲ್ಲಿರುವ ಡೀಸೆಲ್ ಹೈ ಪ್ರೆಷರ್ ಪಂಪಿನ ಭಾರವನ್ನೂ ಎಳೆಯಬೇಕು. ಅಂಬಾಸಿಡರಿನ ಚೈನಿನ ನೆನಪಿಟ್ಟುಕೊಂಡು ಇದನ್ನು ಅಳೆಯುವುದು ಸರಿಯಲ್ಲ.

ಪರೀಕ್ಷೆ ಶುರುವಾಗುವುದು ಕಿವಿಯಿಂದ. ರಾತ್ರಿಯಿಡೀ ನಿಂತ ಗಾಡಿಯ ಟೆನ್ಷನರಿನಿಂದ ಎಣ್ಣೆ ಕೆಳಗಿಳಿದಿರುತ್ತದೆ. ಬೆಳಿಗ್ಗೆ ಬಾನೆಟ್ ಎತ್ತಿಟ್ಟು, ಪಕ್ಕದಲ್ಲಿ ನಿಂತು, ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಬೇಕು. ಪುಲ್ಲಿ ಇರುವ ಕಡೆಯಿಂದ ಕರಕರ, ಗರಗರ ಎಂಬ ಲೋಹದ ಸದ್ದು ಬಂದು, ಎಣ್ಣೆಯ ಒತ್ತಡ ಏರಿದ ಮೇಲೆ ಎರಡು ಮೂರು ಸೆಕೆಂಡಿನಲ್ಲಿ ಅಡಗಿದರೆ ಅದು ಮೊದಲ ಸೂಚನೆ. ಅಡಗಲು ಹತ್ತು ಸೆಕೆಂಡ್ ಬೇಕಾದರೆ, ಬಿಸಿಯಾದ ಮೇಲೂ ಐಡಲಿನಲ್ಲಿ ಕೇಳುತ್ತಿದ್ದರೆ, ಇನ್ನು ಮುಂದೂಡುವ ಹಾಗಿಲ್ಲ. ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಟೈಮಿಂಗ್ ಕವರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳುವ ಪದ್ಧತಿ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ತಿರುಗುವ ಬೆಲ್ಟಿನಿಂದ ತೋಳು, ದುಪಟ್ಟಾ ದೂರವಿರಲಿ. ಆಲ್ಟರ್ನೇಟರ್ ಪುಲ್ಲಿ, ಬೆಲ್ಟ್ ಟೆನ್ಷನರ್ ಕೆಟ್ಟಿದ್ದರೂ ಇಂಥದೇ ಸದ್ದು ಬರುತ್ತದೆ. ಅನುಮಾನವಿದ್ದರೆ ಹೊರಗಿನ ಬೆಲ್ಟನ್ನು ಕಳಚಿ ಕೆಲವೇ ಸೆಕೆಂಡ್ ಸ್ಟಾರ್ಟ್ ಮಾಡಿದರೆ ತಿಳಿಯುತ್ತದೆ: ಸದ್ದು ಹೋದರೆ ತಪ್ಪು ಹೊರಗಿನದು, ಉಳಿದರೆ ಒಳಗಿನದು.

ಎಂಜಿನ್ ಬಿಚ್ಚುವ ಮೊದಲು ಡಿಪ್ ಸ್ಟಿಕ್ ಎಳೆದು ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಈ ಎಂಜಿನ್ನಿನ ಚೇಂಬರಿನಲ್ಲಿ ಹಿಡಿಯುವುದೇ ಸುಮಾರು ಮೂರು ಲೀಟರ್ ಎಣ್ಣೆ. ಅದರಲ್ಲಿ ಒಂದು ಲೀಟರ್ ಕಡಿಮೆಯಾದರೂ ಟೆನ್ಷನರಿಗೆ ತೊಂದರೆ ಗ್ಯಾರಂಟಿ. ಎಷ್ಟೋ ಸಲ ಸರಿಯಾದ ಗ್ರೇಡಿನ ಎಣ್ಣೆ, ಒಳ್ಳೆಯ ಫಿಲ್ಟರ್ ಹಾಕಿದ ಮೇಲೆ ಆರಂಭದ ಸದ್ದು ನಿಂತದ್ದಿದೆ. ಆಮೇಲೆ ಸ್ಕ್ಯಾನರ್. ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರುಗಳ ಲೆಕ್ಕ ಹೊಂದದಿದ್ದರೆ ಪಿ0016 ಎಂಬ ಕೋಡ್ ಬರುತ್ತದೆ. ಅದರ ಜೊತೆ ಸೆಲ್ಫ್ ಉದ್ದಕ್ಕೆ ಹೊಡೆಯಬೇಕಾಗುವುದು, ಬೆಳಗಿನ ಬಿಳಿ ಹೊಗೆ, ಘಾಟಿ ಏರುವಾಗ ಎಳೆತ ಕುಗ್ಗುವುದು ಕಾಣಿಸಿದರೆ ಚೈನಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಕೋಡ್ ಒಂದನ್ನೇ ನೆಚ್ಚಿಕೊಂಡು ಕವರ್ ಬಿಚ್ಚಬಾರದು, ಸೆನ್ಸರ್ ಕೆಟ್ಟರೂ ಅದೇ ಕೋಡ್ ಬರಬಹುದು.

ಅನುಮಾನಕ್ಕೆ ಕೊನೆ ಹಾಡುವುದು ಲಾಕ್ ಪಿನ್ನು. ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಆ ಪರೀಕ್ಷೆಯನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಬಂದಿದ್ದು ಹಳದಿ ಬೋರ್ಡಿನ ಡಿಸೈರ್, ಗೋವಾ-ಕಾರವಾರ ಬಾಡಿಗೆಯಲ್ಲಿ ದುಡಿದ ಗಾಡಿ. ಓಡಿಸುವ ಹುಡುಗ ಅದರ ನಾಲ್ಕನೇ ಮಾಲೀಕ. ವಯಸ್ಸಾದ ಮೆಕ್ಯಾನಿಕ್ ಎಂಜಿನ್ನನ್ನು ಪಾನಾ ಹಾಕಿ ಕೈಯಲ್ಲೇ ನಿಧಾನಕ್ಕೆ ತಿರುಗಿಸುತ್ತ, ಫ್ಲೈವೀಲಿನ ತೂತಿಗೆ ಪಿನ್ ಕೂರಿಸಿ ಕ್ರ್ಯಾಂಕನ್ನು ಲಾಕ್ ಮಾಡಿದರು. ಮೇಲಿನ ಕ್ಯಾಮ್ ಶಾಫ್ಟಿನ ಲಾಕ್ ಪಿನ್ನನ್ನು ತಿರುಗಿಸಿ ಒಳಗೆ ಬಿಡಲು ನೋಡಿದರು. ಅರ್ಧಕ್ಕೇ ನಿಂತಿತು. ಹೊರಗೆ ತೆಗೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿದರು. ಮತ್ತೆ ಅಲ್ಲೇ.

‘ಕ್ರ್ಯಾಂಕಿಂದ ಕುಂತೈತಿ, ಕ್ಯಾಮಿಂದು ಕುಂದ್ರವಲ್ದು. ಚೈನ್ ಉದ್ದ ಆಗೇತಿ ತಮ್ಮಾ’ ಎಂದರು.

ಎರಡೂ ಲಾಕ್ ಒಟ್ಟಿಗೆ ಕೂತರೆ ಟೈಮಿಂಗ್ ಸರಿ ಇದೆ ಎಂದು ಅರ್ಥ. ಒಂದು ಕೂತು ಇನ್ನೊಂದು ಕೂರದಿದ್ದರೆ ಚೈನ್ ಸವೆದಿದೆ, ಇಲ್ಲವೇ ಹಲ್ಲು ಹಾರಿದೆ. ಇಷ್ಟನ್ನು ತಿಳಿಯಲು ಟೈಮಿಂಗ್ ಕವರ್ ತೆಗೆಯಬೇಕಾಗಿಲ್ಲ. ಈ ಲಾಕ್ ಸೆಟ್ ಇಲ್ಲದ ಗ್ಯಾರೇಜಿನಲ್ಲಿ ಈ ಎಂಜಿನ್ನಿನ ಚೈನ್ ಕೆಲಸ ಮಾಡಿಸಬೇಡಿ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಪೇಂಟಿನ ಗುರುತು ಹಾಕಿಕೊಂಡು ಹಳೇ ಚೈನ್ ಇದ್ದ ಹಾಗೇ ಹೊಸದನ್ನು ಕೂರಿಸುವವರಿದ್ದಾರೆ. ಹಳೇದು ಉದ್ದವಾಗಿ ತಪ್ಪು ಜಾಗದಲ್ಲಿ ನಿಂತಿದ್ದರೆ, ಆ ಗುರುತೂ ತಪ್ಪೇ.

ಕೆಲಸ ದೊಡ್ಡದು. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ಪುಲ್ಲಿ ಇರುವ ಬದಿಯ ಮುಂದಿನ ಚಕ್ರ, ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆಯಬೇಕು. ಎಂಜಿನ್ನಿಗೆ ಕೆಳಗಿನಿಂದ ಜಾಕಿ ಆಸರೆ ಕೊಟ್ಟು ಆ ಬದಿಯ ಮೌಂಟಿಂಗ್ ಬಿಚ್ಚಬೇಕು. ಬೆಲ್ಟ್, ಪುಲ್ಲಿ, ಎಣ್ಣೆ ಖಾಲಿ ಮಾಡಿದ ಮೇಲೆ ಚೇಂಬರ್, ಕಡೆಗೆ ಆಯಿಲ್ ಪಂಪನ್ನೂ ಒಡಲಲ್ಲಿ ಇಟ್ಟುಕೊಂಡಿರುವ ಟೈಮಿಂಗ್ ಕವರ್. ಹುಬ್ಬಳ್ಳಿಯಲ್ಲಿ ಕವರ್ ಹೊರಬಂದಾಗ ಗೈಡಿನ ಮೇಲೆ ಚೈನ್ ಕೊರೆದ ಎರಡು ಆಳದ ಗೆರೆಗಳಿದ್ದವು. ಟೆನ್ಷನರಿನ ಪಿಸ್ಟನ್ ಕೊನೆಯವರೆಗೂ ಹೊರಗೆ ಚಾಚಿಕೊಂಡಿತ್ತು. ಚೇಂಬರನ್ನು ತಲೆಕೆಳಗು ಮಾಡಿ, ಎಣ್ಣೆ ಹೀರುವ ಕೊಳವೆಯ ಜಾಲರಿಯನ್ನು ಬೆಳಕಿಗೆ ಹಿಡಿದರು: ಕಂದು ಬಣ್ಣದ ಪ್ಲಾಸ್ಟಿಕ್ ಚೂರುಗಳು ಕಣ್ಣುಗಳಲ್ಲಿ ಸಿಕ್ಕಿಕೊಂಡಿದ್ದವು. ಸವೆದ ಗೈಡಿನ ಪುಡಿ ಅದು. ಈ ಜಾಲರಿಯನ್ನು ತೊಳೆಯದೆ ಚೇಂಬರ್ ಮುಚ್ಚಿದರೆ ಹೊಸ ಚೈನಿಗೂ ಎಣ್ಣೆ ಸಿಗುವುದಿಲ್ಲ, ಟರ್ಬೊಗೂ ಸಿಗುವುದಿಲ್ಲ. ಎಷ್ಟೋ ಒಳ್ಳೆಯ ರಿಪೇರಿಗಳು ಹಾಳಾಗುವುದು ಈ ಒಂದು ಉದಾಸೀನದಿಂದ.

ಹಳೇ ಚೈನನ್ನೂ ಹೊಸದನ್ನೂ ಒಂದೇ ಮೊಳೆಗೆ ನೇತುಹಾಕಿ ತೋರಿಸಿದರು. ಹಳೇದು ಸುಮಾರು ಎರಡು ಮಿಲಿಮೀಟರ್ ಕೆಳಗಿತ್ತು. ಸುತ್ತು ಚೈನ್ ಆದ್ದರಿಂದ ಪೂರ್ತಿ ಉದ್ದದಲ್ಲಿ ಅದು ನಾಲ್ಕು ಮಿಲಿಮೀಟರ್. ಆಮೇಲೆ ಎರಡನ್ನೂ ಮಗ್ಗುಲಾಗಿ ಅಡ್ಡ ಹಿಡಿದರು. ಹೊಸದು ಬಹುಮಟ್ಟಿಗೆ ನೆಟ್ಟಗೆ ನಿಂತಿತು, ಹಳೇದು ಜೋತುಬಿತ್ತು. ಹುಡುಗ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ.

‘ಕಾಕಾ, ಬರೇ ಚೈನ್ ಹಾಕಿದ್ರ ನಡೀತೈತೇನು? ಗಿಯರ್ ಎಲ್ಲಾ ಛಲೋ ಅದಾವಲ್ಲ’ ಎಂದು ಕೇಳಿದ.

‘ಹಳೇ ಹಲ್ಲಿಗೆ ಹೊಸಾ ಚೈನ್ ಹಾಕಿದ್ರ ಹಲ್ಲು ಅದನ್ನ ತಿಂತಾವು. ಹಾಕಿದ್ರ ಪೂರಾ ಸೆಟ್ ಹಾಕೂಣು, ಇಲ್ಲಂದ್ರ ನನ್ನ ಕಡೆ ಮಾಡಸಬ್ಯಾಡ.’

ಆ ಮಾತಿನಲ್ಲಿ ಗಡಸು ಇತ್ತು, ನ್ಯಾಯವೂ ಇತ್ತು. ಚೈನ್, ಟೆನ್ಷನರ್, ಗೈಡುಗಳು, ಸ್ಪ್ರಾಕೆಟ್ – ಇವೆಲ್ಲ ಒಟ್ಟಿಗೆ ಸವೆದಿರುತ್ತವೆ, ಒಟ್ಟಿಗೇ ಬದಲಾಗಬೇಕು. ಜೊತೆಗೆ ಕ್ರ್ಯಾಂಕಿನ ಆಯಿಲ್ ಸೀಲ್. ಇವುಗಳ ಬೆಲೆಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ಭಾರ. ಎರಡನೇ ಸಲ ಕೊಡಬೇಕಾಗಿ ಬಂದರೆ ಉಳಿಸಿದ್ದೆಲ್ಲ ಹೋಗುತ್ತದೆ. ಬಿಡಿಭಾಗ ಕೊಳ್ಳುವಾಗಲೂ ಅಷ್ಟೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಚೈನ್ ಕಿಟ್ ನಾಲ್ಕು ದರಕ್ಕೆ ಸಿಗುತ್ತದೆ. ಎಂಜಿನ್ನಿನ ಒಳಗೆ ಹೋಗುವ ಸಾಮಾನಿಗೆ ಅಗ್ಗದ್ದನ್ನು ಆರಿಸಬಾರದು. ಬಿಲ್ ಕೊಡದ ಅಂಗಡಿಯಲ್ಲಿ ಚೈನ್ ಕೊಳ್ಳಲೇಬಾರದು.

ಜೋಡಿಸುವಾಗ ಎರಡೂ ಶಾಫ್ಟುಗಳು ಲಾಕಿನಲ್ಲೇ ಇರಬೇಕು. ಹೊಸ ಚೈನನ್ನು ಎಂಜಿನ್ ಆಯಿಲಿನಲ್ಲಿ ಅದ್ದಿ ತೆಗೆದು, ಎಳೆಯುವ ಬದಿ ಬಿಗಿಯಾಗಿ, ಸಡಿಲವೆಲ್ಲ ಟೆನ್ಷನರಿನ ಬದಿಗೆ ಬರುವ ಹಾಗೆ ಕೂರಿಸಬೇಕು. ಟೆನ್ಷನರಿನ ಪಿನ್ ಎಳೆದು ಬಿಟ್ಟ ಮೇಲೆ ಲಾಕುಗಳನ್ನು ತೆಗೆದು, ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಲಾಕ್ ಹಾಕಿ ನೋಡಬೇಕು. ಎಲ್ಲಾದರೂ ತಡೆದರೆ ಬಲವಂತ ಮಾಡಬಾರದು, ತಡೆಯುತ್ತಿರುವುದು ವಾಲ್ವ್ ಇರಬಹುದು. ಬೋಲ್ಟುಗಳಿಗೆ ಟಾರ್ಕ್ ರೆಂಚ್ ಬೇಕು, ಅಂದಾಜಿನ ಬಿಗಿ ಸಾಲದು. ಕವರಿನ ಹಳೇ ಪೇಸ್ಟನ್ನು ಪೂರ್ತಿ ಕೆರೆದು, ಹೊಸದನ್ನು ತೆಳ್ಳಗೆ ಬಳಿಯಬೇಕು. ದಪ್ಪಗೆ ಬಳಿದರೆ ಒಳಗಡೆಗೆ ಉಕ್ಕಿ, ಕಳಚಿ, ಅದೂ ಆ ಜಾಲರಿಗೇ ಹೋಗಿ ಸೇರುತ್ತದೆ. ಹುಬ್ಬಳ್ಳಿಯ ಆ ಮೆಕ್ಯಾನಿಕ್ ಹೊಸ ಎಣ್ಣೆ ಹಾಕಿದ ಮೇಲೂ ತಕ್ಷಣ ಸ್ಟಾರ್ಟ್ ಮಾಡಲಿಲ್ಲ. ಇಂಜೆಕ್ಟರುಗಳ ಕನೆಕ್ಟರ್ ಕಳಚಿಟ್ಟು, ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆದು, ಆಯಿಲ್ ದೀಪ ಆರುವವರೆಗೆ ಕಾದರು. ಆಮೇಲೆ ಕನೆಕ್ಟರ್ ಹಾಕಿ ಕೀ ತಿರುಗಿಸಿದರು.

ಈ ಹುಡುಗನದು ಸಮಯಕ್ಕೆ ಬಂದ ಗಾಡಿ. ತಡವಾಗಿ ಬಂದವುಗಳ ಕಥೆ ಬೇರೆ. ಓಡುವಾಗಲೇ ಚೈನ್ ಹಾರಿದರೆ ಪಿಸ್ಟನ್ನು ವಾಲ್ವಿಗೆ ಹೊಡೆಯುತ್ತದೆ. ಅದೃಷ್ಟವಿದ್ದರೆ ಈ ಎಂಜಿನ್ನಿನಲ್ಲಿ ರಾಕರುಗಳು ಮುರಿದು, ವಾಲ್ವ್‌ಗಳು ಉಳಿದುಕೊಳ್ಳುತ್ತವೆ. ಇಲ್ಲದಿದ್ದರೆ ವಾಲ್ವ್ ಬೆಂಡ್, ಹೆಡ್ ಬಿಚ್ಚಬೇಕು, ಕೆಲವೊಮ್ಮೆ ಪಿಸ್ಟನ್ನೂ ಹೋಗುತ್ತದೆ. ಚೈನ್ ಸೆಟ್ಟಿನ ಖರ್ಚಿನ ಹಲವು ಪಟ್ಟು. ಹಳೇ ಗಾಡಿಗೆ ಅಷ್ಟು ಸುರಿಯಲಾರದೆ ಗುಜರಿಗೆ ಕೊಟ್ಟವರನ್ನು ಬಲ್ಲೆ.

ಈ ಗತಿ ಬರದಿರಲು ಮಾಡಬೇಕಾದದ್ದು ಬಹಳ ಏನಲ್ಲ, ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸುವುದು. ಡೀಸೆಲ್ ಉರಿದ ಮಸಿ ಎಣ್ಣೆಗೆ ಸೇರುತ್ತಲೇ ಇರುತ್ತದೆ. ಆ ಮಸಿಯ ಕಣಗಳು ಪಿನ್ನು-ಬುಷ್ಷಿನ ನಡುವೆ ಸೇರಿ ಉಕ್ಕನ್ನು ತೇಯುತ್ತವೆ. ಹತ್ತು ಸಾವಿರ ಕಿಲೋಮೀಟರಿಗೆ ಬದಲಿಸಿ ಎಂದು ಕಂಪನಿ ಹೇಳಿದ್ದು ಹೊಸ ಎಂಜಿನ್ನಿಗೆ. ಎರಡು ಲಕ್ಷ ಓಡಿದ, ಊರೊಳಗಿನ ಟ್ರಾಫಿಕ್ಕಿನಲ್ಲಿ ತೆವಳುವ ಗಾಡಿಗೆ ಏಳೆಂಟು ಸಾವಿರಕ್ಕೇ ಬದಲಿಸುವುದು ಒಳಿತು ಎಂಬುದು ನನ್ನ ಅಭಿಪ್ರಾಯ. ಚೈನ್ ಹೊಸದಾಗಿ ಹಾಕಿಸಿದ್ದರೆ ಮೊದಲ ಸಾವಿರ ಕಿಲೋಮೀಟರಿಗೇ ಒಮ್ಮೆ ಎಣ್ಣೆ, ಫಿಲ್ಟರ್ ಬದಲಿಸಿಬಿಡಿ. ವಾರಕ್ಕೊಮ್ಮೆ ಡಿಪ್ ಸ್ಟಿಕ್ ನೋಡಿ. ಆಯಿಲ್ ದೀಪ ಉರಿಯುವ ಹೊತ್ತಿಗೆ ಚೈನ್ ಆಗಲೇ ಒಣಗಿ ಓಡಿರುತ್ತದೆ.

ಹಳೆ ಡೀಸೆಲ್ ಕಾರು ಕೊಳ್ಳಲು ಹೊರಟಿದ್ದರೆ ಇನ್ನೂ ಒಂದು ಮಾತು. ನೀವು ಹೋಗುವ ಹೊತ್ತಿಗೆ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು, ಬಿಸಿ ಎಂಜಿನ್ನನ್ನೇ ಸ್ಟಾರ್ಟ್ ಮಾಡಿ ತೋರಿಸುವ ಮಾರಾಟಗಾರರು ಇದ್ದಾರೆ. ಬಿಸಿ ಎಂಜಿನ್ನಿನಲ್ಲಿ ಸವೆದ ಚೈನಿನ ಸದ್ದು ಎಷ್ಟೋ ಸಲ ಮುಚ್ಚಿಹೋಗುತ್ತದೆ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಮುಂಗಡ ಕೊಡಬೇಡಿ. ನಾಳೆ ಬೆಳಿಗ್ಗೆ ಮೆಕ್ಯಾನಿಕ್ ಜೊತೆ ಬರುತ್ತೇನೆ, ಅಲ್ಲಿಯವರೆಗೆ ಗಾಡಿ ಸ್ಟಾರ್ಟ್ ಮಾಡದೆ ಇಟ್ಟಿರಿ ಎಂದು ಹೇಳಿ ಬನ್ನಿ. ಅದಕ್ಕೆ ಒಪ್ಪದವರ ಗಾಡಿ ಎಷ್ಟೇ ಥಳಥಳ ಹೊಳೆಯುತ್ತಿದ್ದರೂ ಬಿಟ್ಟುಬಿಡಿ.